ನಾಯಿ-ಬೆಕ್ಕಿನ ಸಾಮಾನಿಗೆ ಯಾವ ಬಾಕ್ಸ್? ಮೊದಲು ಚೀಲ, ಆಮೇಲೆ ವಿಷ, ಬಾಕ್ಸ್ ಕೊನೆಗೆ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ನಮ್ಮದು. ನಾಲ್ಕು ವರ್ಷದ ಲ್ಯಾಬ್ರಡಾರ್ ಇದೆ, ಎರಡು ಬೆಕ್ಕುಗಳಿವೆ. ಐದು ವರ್ಷದ ಮಗಳಿದ್ದಾಳೆ, ಅತ್ತೆಯವರೂ ಜೊತೆಗಿದ್ದಾರೆ. ಆಫರ್ ಇತ್ತು ಅಂತ ನಾಯಿ ಆಹಾರದ 20 ಕೆ.ಜಿ. ಚೀಲ ತಂದೆವು. ಅದು ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ಇದೆ. ಈಗ ಇರುವೆ ಹತ್ತುತ್ತಿದೆ, ವಾಸನೆಯೂ ಯಾಕೋ ಬದಲಾದ ಹಾಗಿದೆ. ಬೆಕ್ಕಿನ ಕಕ್ಕಸಿನ ತಟ್ಟೆಗೆ ತುಂಬುವ ಲಿಟರ್, ಮೈಗೆ ಹತ್ತುವ ಉಣ್ಣೆ ಹುಳದ ಔಷಧಿ, ಶಾಂಪೂ, ಬೆಲ್ಟು, ಆಟಿಕೆ ಎಲ್ಲ ಒಂದೊಂದು ಮೂಲೆಯಲ್ಲಿ ಬಿದ್ದಿವೆ. ಅತ್ತೆಗೆ ಸಿಟ್ಟು. ಎಲ್ಲವನ್ನೂ ಒಂದೇ ಕಡೆ ಚಂದ ಜೋಡಿಸಿಡಲು ಯಾವ ಥರದ ಬಾಕ್ಸ್ ತಗೊಳ್ಳಲಿ?

ಉತ್ತರ: ಬಾಕ್ಸ್ ಸದ್ಯಕ್ಕೆ ತಗೋಬೇಡಿ. ಎಲ್ಲವನ್ನೂ ಒಂದೇ ಕಡೆ ಇಡುವ ಆಸೆಯನ್ನೂ ಬಿಡಿ. ನೀವೇ ಬರೆದ ಪಟ್ಟಿ ನೋಡಿ, ಅದರಲ್ಲಿ ತಿನ್ನುವ ಸಾಮಾನಿದೆ, ವಿಷ ಇದೆ, ಕಕ್ಕಸಿನ ಸಾಮಾನೂ ಇದೆ. ಚಂದ ಕಾಣುತ್ತದೆ ಅಂತ ಈ ಮೂರನ್ನೂ ಒಂದೇ ಕಪಾಟಿಗೆ ತುಂಬಿದರೆ ಅತ್ತೆಯವರ ಸಿಟ್ಟು ಇಳಿಯಬಹುದು, ನನ್ನಂಥ ಪಶುವೈದ್ಯರ ಕೆಲಸ ಮಾತ್ರ ಜಾಸ್ತಿಯಾಗುತ್ತದೆ. ಕರಾವಳಿಯ ಮನೆಯಲ್ಲಿ ನೋಡಬೇಕಾದ್ದು ಎರಡೇ ವಿಷಯ: ತಿನ್ನುವ ವಸ್ತುವಿನಿಂದ ತೇವ ಎಷ್ಟು ದೂರ ಇದೆ, ಪ್ರಾಣಿಯ ಬಾಯಿಂದ ವಿಷ ಎಷ್ಟು ದೂರ ಇದೆ. ಅಂದಚಂದ ಆಮೇಲೆ.

ಆ ಚೀಲದಿಂದಲೇ ಶುರು ಮಾಡೋಣ. ಸ್ವಲ್ಪ ಲೆಕ್ಕ ಹಾಕಿ. ಸುಮಾರು 30 ಕೆ.ಜಿ. ತೂಗುವ ಲ್ಯಾಬ್ ದಿನಕ್ಕೆ 330 ಗ್ರಾಂ ಒಣ ಆಹಾರ ತಿನ್ನುತ್ತದೆ ಅಂತಿಟ್ಟುಕೊಳ್ಳಿ, ಬ್ರ್ಯಾಂಡಿನ ಮೇಲೆ ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಆಗ 20 ಕೆ.ಜಿ. ಮುಗಿಯಲು ಎರಡು ತಿಂಗಳು ಬೇಕು. ಚೀಲ ಒಡೆದ ಮೇಲೆ ಆರು ವಾರದೊಳಗೆ ಮುಗಿಸಿ ಅನ್ನುವುದು ಸಾಮಾನ್ಯವಾಗಿ ಕೊಡುವ ಸಲಹೆ. ನಮ್ಮ ಮಳೆಗಾಲಕ್ಕೆ ಅದೂ ಜಾಸ್ತಿಯೇ, ನಾನು ನಾಲ್ಕು ವಾರ ಅನ್ನುತ್ತೇನೆ. ಅಂದರೆ ನಿಮಗೆ ಬೇಕಾದದ್ದು 10 ಕೆ.ಜಿ. ಚೀಲ, ತಿಂಗಳಿಗೊಂದು. ಬೆಕ್ಕುಗಳದ್ದೂ ಹಾಗೇ. ನಾಲ್ಕು ಕೆ.ಜಿ. ತೂಗುವ ಬೆಕ್ಕು ದಿನಕ್ಕೆ 50-60 ಗ್ರಾಂ ತಿನ್ನುತ್ತದೆ. ಎರಡು ಬೆಕ್ಕಿಗೆ 3 ಕೆ.ಜಿ. ಚೀಲ ಹೆಚ್ಚುಕಮ್ಮಿ ಒಂದು ತಿಂಗಳು ಬರುತ್ತದೆ. ದೊಡ್ಡ ಚೀಲದಲ್ಲಿ ಕೆ.ಜಿ.ಗೆ ಕೆಲವು ರೂಪಾಯಿ ಉಳಿಯುತ್ತದೆ ನಿಜ, ಆದರೆ ಕೊನೆಯ ಐದು ಕೆ.ಜಿ. ಕಸಕ್ಕೆ ಹೋದರೆ ಏನು ಉಳಿದ ಹಾಗಾಯಿತು? ನಿಮ್ಮ ಜಾಗದ ಸಮಸ್ಯೆಯೂ ಅರ್ಧ ಇಲ್ಲೇ ಮುಗಿಯುತ್ತದೆ. ಮನೆಯಲ್ಲಿ ಸಾಕುಪ್ರಾಣಿ ಸಾಮಾನು ಹೆಚ್ಚಾಗಿದೆ ಅನ್ನುವವರಲ್ಲಿ ಬಹಳ ಜನರಿಗೆ ನಿಜವಾಗಿ ಜಾಸ್ತಿಯಾಗಿರುವುದು ಆಫರ್.

ಆಹಾರ ಯಾಕೆ ಕೆಡುತ್ತದೆ ಅಂತ ಗೊತ್ತಾದರೆ ಎಲ್ಲಿಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಈ ಒಣ ಕಾಳುಗಳನ್ನು ಫ್ಯಾಕ್ಟರಿಯಲ್ಲಿ ಬೇಯಿಸಿ, ಒಣಗಿಸಿ, ಕೊನೆಗೆ ಮೇಲಿಂದ ಕೊಬ್ಬು ಸಿಂಪಡಿಸುತ್ತಾರೆ. ರುಚಿಯೆಲ್ಲ ಅದರಲ್ಲೇ. ಹಾಗಾಗಿ ಕೊಬ್ಬು ಕಾಳಿನ ಹೊರಮೈಯಲ್ಲೇ ಇರುತ್ತದೆ, ಚೀಲ ತೆರೆದ ಕ್ಷಣದಿಂದ ಗಾಳಿ ಅದನ್ನು ಹಿಡಿದುಕೊಳ್ಳುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಹಳೆ ಕೊಬ್ಬರಿ ಎಣ್ಣೆಗೆ ಬರುತ್ತದಲ್ಲ, ಆ ಕಮಟು ವಾಸನೆ ಬರುವುದು ಹೀಗೆ. ನಿಮ್ಮ ಮೂಗಿಗೆ ಬದಲಾದ ಹಾಗೆ ಅನ್ನಿಸಿದ್ದು ಇದೇ ಇರಬೇಕು. ಇದು ಒಂದು.

ಇನ್ನೊಂದು ತೇವ. ಒಣ ಆಹಾರದಲ್ಲಿ ನೀರಿನಂಶ ಶೇ. 10ರ ಆಸುಪಾಸು. ಜುಲೈನಲ್ಲಿ ಮಂಗಳೂರಿನ ಗಾಳಿಯ ತೇವಾಂಶ ಶೇ. 85-90 ಇರುವುದು ಮಾಮೂಲು. ಬಾಯಿ ತೆರೆದ ಚೀಲ ಆ ತೇವವನ್ನು ಸುಮ್ನೆ ಕುಡಿಯುತ್ತಾ ಕೂರುತ್ತದೆ. ಆಮೇಲೆ ಬೂಷ್ಟು. ಬೂಷ್ಟು ಕಣ್ಣಿಗೆ ಕಂಡರೆ ಪುಣ್ಯ, ಎಸೆಯುತ್ತೀರಿ. ಕಾಣದೇ ಇದ್ದಾಗಲೇ ಕಷ್ಟ. ಜೋಳ, ಶೇಂಗಾದಂಥ ಕಾಳುಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಅದು ಲಿವರ್‌ಗೆ ಹೊಡೆಯುತ್ತದೆ. 2020ರ ಕೊನೆಗೆ ಅಮೆರಿಕದಲ್ಲಿ ಅಫ್ಲಟಾಕ್ಸಿನ್ ಇದ್ದ ಆಹಾರ ತಿಂದು ಹತ್ತಾರು ನಾಯಿಗಳು ಸತ್ತವು. ಅಲ್ಲಿ ತಪ್ಪಾದದ್ದು ಫ್ಯಾಕ್ಟರಿಯಲ್ಲಿ, ಆದರೆ ಬೂಷ್ಟಿಗೆ ಫ್ಯಾಕ್ಟರಿಯೂ ಒಂದೇ, ನಿಮ್ಮ ಯುಟಿಲಿಟಿಯೂ ಒಂದೇ. ಬಿಸಿ ನೀರಲ್ಲಿ ಕುದಿಸಿದರೆ, ಬಿಸಿಲಿಗೆ ಹರವಿದರೆ ಈ ವಿಷ ಹೋಗುವುದಿಲ್ಲ. ಆದ್ದರಿಂದ ಚೀಲದ ಬಗ್ಗೆ ನನ್ನ ಉತ್ತರ ಇಷ್ಟೇ: ಒಂದು ಹಿಡಿ ಕಾಳು ತೆಗೆದು ಮುರಿದು ಮೂಸಿ. ಕಮಟು, ಮುಗ್ಗಲು, ಹುಳಿ ಯಾವ ವಾಸನೆ ಬಂದರೂ, ಕಾಳು ಮೆತ್ತಗಾಗಿದ್ದರೂ, ಒಂದಕ್ಕೊಂದು ಅಂಟಿದ್ದರೂ ಪೂರ್ತಿ ಚೀಲ ಹೊರಗೆ. ಮೇಲಿನದು ಎಸೆದು ಕೆಳಗಿನದು ಉಳಿಸಿಕೊಳ್ಳುತ್ತೇನೆ ಅನ್ನಬೇಡಿ. ಬೀದಿ ನಾಯಿಗಳಿಗೆ ಹಾಕುತ್ತೇನೆ ಅಂತಲೂ ಬೇಡ, ಅವಕ್ಕೂ ಲಿವರ್ ಇದೆ.

ಇನ್ನು ಹೊಸ ಚೀಲ ತಂದಾಗ ಏನು ಮಾಡಬೇಕು ಅಂದರೆ, ಅದನ್ನು ಡಬ್ಬಿಗೆ ಸುರಿಯಬೇಡಿ. ಚೀಲದ ಸಮೇತ ಡಬ್ಬಿಯೊಳಗಿಡಿ. ಒಳ್ಳೆ ಆಹಾರದ ಚೀಲದ ಒಳಪದರ ಕೊಬ್ಬು, ಗಾಳಿ ಎರಡನ್ನೂ ತಡೆಯುವ ಹಾಗೇ ಮಾಡಿರುತ್ತಾರೆ. ಅದನ್ನು ಬಿಸಾಡಿ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಗೆ ಸುರಿದರೆ ಕೊಬ್ಬು ಪ್ಲಾಸ್ಟಿಕ್ಕಿನ ಗೋಡೆಗೆ ಹತ್ತುತ್ತದೆ, ತೊಳೆದರೂ ಸರಿಯಾಗಿ ಹೋಗುವುದಿಲ್ಲ, ಮುಂದಿನ ಚೀಲದ ಹೊಸ ಆಹಾರ ಆ ಹಳೆ ಕಮಟಿನ ಮೇಲೆ ಬೀಳುತ್ತದೆ. ಇನ್ನೊಂದು ಲಾಭವೂ ಇದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಚೀಲದ ಮೇಲೇ ಇರುತ್ತದೆ. ನಾಯಿಗೆ ವಾಂತಿ ಶುರುವಾಗಿ ನಾವು "ಯಾವ ಬ್ಯಾಚು?" ಅಂತ ಕೇಳಿದಾಗ ಚೀಲ ಕಸದ ಲಾರಿಯಲ್ಲಿ ಹೋಗಿರುವುದೇ ಹೆಚ್ಚು. ಚೀಲ ತೆರೆದ ದಿನಾಂಕವನ್ನೂ ಮಾರ್ಕರ್ ಪೆನ್ನಲ್ಲಿ ಅದರ ಮೇಲೇ ಬರೆಯಿರಿ. ಆಹಾರ ತೆಗೆದ ಮೇಲೆ ಚೀಲದೊಳಗಿನ ಗಾಳಿ ಒತ್ತಿ ಹೊರಹಾಕಿ, ಬಾಯಿ ಕೆಳಗೆ ಸುತ್ತಿ, ಬಟ್ಟೆ ಒಣಗಿಸುವ ಎರಡು ಕ್ಲಿಪ್ ಹಾಕಿದರೆ ಸಾಕು.

ಡಬ್ಬಿ ಯಾವುದು? ನಮ್ಮ ಮನೆಗಳಲ್ಲಿ ಅಕ್ಕಿಗೆ ಇಡುವ ಸ್ಟೀಲ್ ಡ್ರಮ್ಮಿಗಿಂತ ಒಳ್ಳೆಯದು ನಾನು ನೋಡಿಲ್ಲ. ಇಲಿ ಕಡಿಯಲಾರದು, ಕೊಬ್ಬು ಅಂಟದು, ಬಿಸಿನೀರಲ್ಲಿ ತೊಳೆಯಬಹುದು. ಆದರೆ ಅಳತೆ ನೋಡಿ ತಗೊಳ್ಳಿ. ನಾಯಿ ಕಾಳು ಅಕ್ಕಿಗಿಂತ ಹಗುರ, ಜಾಗ ಎರಡರಷ್ಟು ಬೇಕು. 10 ಕೆ.ಜಿ. ಆಹಾರವನ್ನು ಚೀಲ ಸಮೇತ ಇಡಲು 25-30 ಕೆ.ಜಿ. ಅಕ್ಕಿ ಹಿಡಿಯುವ ಡ್ರಮ್ ಬೇಕಾಗುತ್ತದೆ. ಮುಚ್ಚಳ ಬಿಗಿ ಇರಲಿ, ಕೊಕ್ಕೆ ಇದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ ನಿಮ್ಮದು ಲ್ಯಾಬ್ರಡಾರ್. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರ್‌ನಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ತುಣುಕು ಇಲ್ಲದಿರುವುದನ್ನು ಕಂಡುಹಿಡಿದರು. ಆ ತುಣುಕು ಇಲ್ಲದ ನಾಯಿಗಳಿಗೆ ಆಹಾರದ ಹಂಬಲವೂ ಜಾಸ್ತಿ, ತೂಕವೂ ಜಾಸ್ತಿ. ಹಾಗಾಗಿ ಪಾಪ ಅದಕ್ಕೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ಮುಚ್ಚಳಕ್ಕೇ ಹೇಳಬೇಕು. ಲ್ಯಾಬ್ ಒಂದೇ ಸಲಕ್ಕೆ ಎರಡು ಮೂರು ಕೆ.ಜಿ. ಒಣ ಆಹಾರ ನುಂಗಿ, ಅದು ಹೊಟ್ಟೆಯಲ್ಲಿ ನೀರು ಕುಡಿದು ಉಬ್ಬಿ, ಉಸಿರಾಡಲು ಕಷ್ಟಪಡುತ್ತಾ ಕ್ಲಿನಿಕ್ಕಿಗೆ ಬರುವುದು ನಮಗೆ ಹೊಸದಲ್ಲ. ಖಾಲಿ ಚೀಲಗಳನ್ನೂ ಹಾಗೇ ಬಿಡಬೇಡಿ. ತಳದ ಪುಡಿ ನೆಕ್ಕಲು ನಾಯಿ ತಲೆ ತೂರಿಸುತ್ತದೆ, ಚೀಲ ಮುಖಕ್ಕೆ ಅಂಟಿ ಉಸಿರು ಕಟ್ಟಿ ಸತ್ತ ನಾಯಿಗಳಿವೆ. ಚಿಪ್ಸ್ ಪ್ಯಾಕೆಟ್ಟಿಗೂ ಇದೇ ಮಾತು. ಎಸೆಯುವ ಮುಂಚೆ ಎರಡೂ ಬದಿ ಕತ್ತರಿಸಿಬಿಡಿ.

ಡ್ರಮ್ ಇಡುವ ಜಾಗ ಯುಟಿಲಿಟಿ ಅಲ್ಲ. ಅಲ್ಲಿ ಮೆಷಿನ್ನಿನ ಬಿಸಿ ಇದೆ, ಒದ್ದೆ ಬಟ್ಟೆ ಇದೆ, ಮಳೆಯ ಇರಚಲು ಹೊಡೆಯುತ್ತದೆ. ಡೈನಿಂಗ್ ಮೂಲೆ, ಬೆಡ್‌ರೂಮಿನ ಕಪಾಟಿನ ಕೆಳಗಿನ ಖಾನೆ, ಎಲ್ಲಾದರೂ ಒಳಗಿನ ಒಣ ಜಾಗ ನೋಡಿ. ನೆಲಕ್ಕೆ ತಾಗಿಸದೆ ಒಂದು ಮಣೆಯ ಮೇಲಿಡಿ, ಗೋಡೆಗೂ ನಾಲ್ಕು ಬೆರಳು ಅಂತರ ಬಿಡಿ. ನೆಲದ ಮೇಲಿರುವ ಚೀಲ ಅಂದರೆ ಇಲಿಗೆ ಕರೆಯೋಲೆ. ಮೂರನೇ ಮಹಡಿ, ಇಲಿ ಎಲ್ಲಿಂದ ಬರುತ್ತೆ ಅನ್ನಬೇಡಿ, ಪೈಪು ಹಿಡಿದು ಹತ್ತುತ್ತವೆ. ಇಲಿ ತಿಂದದ್ದಕ್ಕಿಂತ ಅದು ಉಚ್ಚೆ ಹೊಯ್ದದ್ದು ಅಪಾಯ. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲದ ಕಾಯಿಲೆ ಅಂತ ನಿಮಗೂ ಗೊತ್ತಲ್ವಾ, ಅದು ನಾಯಿಗೂ ಬರುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು.

ಇಲಿಗೆ ಹೆದರಿ ಪಾಷಾಣ ಇಡುವವರಿಗೆ ಇಲ್ಲೇ ಒಂದು ಮಾತು. ನಾಯಿ ಬೆಕ್ಕು ಓಡಾಡುವ ಮನೆಯಲ್ಲಿ ಬೇಡವೇ ಬೇಡ, ಬೋನು ಇಡಿ. ಪಕ್ಕದ ಮನೆಯವರೋ ಅಪಾರ್ಟ್‌ಮೆಂಟಿನವರೋ ಇಟ್ಟಿದ್ದರೆ ಅದರ ಪ್ಯಾಕೆಟ್ಟಿನ ಫೋಟೋ ನಿಮ್ಮ ಫೋನಿನಲ್ಲಿರಲಿ. ಬ್ರೊಮಾಡಿಯೊಲೋನ್ ಅನ್ನುವ ಜಾತಿಯ ಪಾಷಾಣ ರಕ್ತ ಹೆಪ್ಪುಗಟ್ಟುವುದನ್ನೇ ನಿಲ್ಲಿಸುತ್ತದೆ. ತಿಂದು ಮೂರು ನಾಲ್ಕು ದಿನ ನಾಯಿ ಆರಾಮಾಗೇ ಇರುತ್ತದೆ, ಆಮೇಲೆ ರಕ್ತಸ್ರಾವ. ಇದಕ್ಕೆ ವಿಟಮಿನ್ ಕೆ1 ಅನ್ನುವ ಮದ್ದು ಇದೆ. ಜಿಂಕ್ ಫಾಸ್ಫೈಡ್ ಆದರೆ ಕೆಲವೇ ಗಂಟೆಗಳ ಆಟ, ಅದಕ್ಕೆ ನೇರವಾದ ಮದ್ದೇ ಇಲ್ಲ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಅದಕ್ಕೇ ಪ್ಯಾಕೆಟ್ಟು ಮುಖ್ಯ.

ಇರುವೆಗೆ ನೀವು ಏನು ಮಾಡುತ್ತಿದ್ದೀರಿ ಅಂತ ಬರೆದಿಲ್ಲ. ಬಹಳ ಮನೆಗಳಲ್ಲಿ ನಾಯಿಯ ತಟ್ಟೆ ಸುತ್ತ, ಡಬ್ಬಿ ಸುತ್ತ ಇರುವೆ ಚಾಕ್ ಎಳೆದಿರುವುದನ್ನು ನೋಡುತ್ತೇನೆ. ನಿಮ್ಮಲ್ಲೂ ಇದ್ದರೆ ಇವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಚಾಕಿನಲ್ಲಿರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಬೆಕ್ಕು ಅದರ ಮೇಲೆ ನಡೆದು ಆಮೇಲೆ ಕಾಲು ನೆಕ್ಕುತ್ತದೆ. ಬೆಕ್ಕಿನ ಲಿವರ್‌ಗೆ ಇಂಥ ಕೆಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬಹಳ ಕಮ್ಮಿ, ನಾಯಿಗೆ ಏನೂ ಆಗದ ಪ್ರಮಾಣ ಬೆಕ್ಕಿಗೆ ನಡುಕ, ಫಿಟ್ಸ್ ತರುತ್ತದೆ. ಅದರ ಬದಲು ಅತ್ತೆಯವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಹಿಂದೆ ಹಾಲು ಮೊಸರಿನ ಕಪಾಟಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ಇಡುತ್ತಿದ್ದರು. ಅದೇ ಉಪಾಯ ಸಾಕು. ಊಟದ ತಟ್ಟೆಯನ್ನು ಸ್ವಲ್ಪ ಅಗಲದ ಇನ್ನೊಂದು ತಟ್ಟೆಯ ನೀರಿನಲ್ಲಿ ಇಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಇರುವೆ ಹೋಗಿ ಡೆಂಗಿ ಸೊಳ್ಳೆ ಬರುತ್ತದೆ. ತಿಂದು ಮುಗಿದ ತಟ್ಟೆಯನ್ನು ಅರ್ಧ ಗಂಟೆಯಲ್ಲಿ ಎತ್ತಿಬಿಡಿ. ದಿನವಿಡೀ ತಟ್ಟೆ ತುಂಬಿಡುವ ಅಭ್ಯಾಸ ಇದ್ದರೆ ಯಾವ ಉಪಾಯವೂ ನಡೆಯುವುದಿಲ್ಲ.

ಡಬ್ಬಿಯ ಆಹಾರ, ಪೌಚ್ ಬಳಸುತ್ತೀರಾದರೆ ಒಡೆದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ಮನೆ ಊಟ ಹಾಕುವವರು ಒಂದೊಂದು ಹೊತ್ತಿನದು ಅಂತ ಸಣ್ಣ ಡಬ್ಬಿಗಳಲ್ಲಿ ಫ್ರೀಜ್ ಮಾಡಿ, ದಿನಾಂಕದ ಚೀಟಿ ಅಂಟಿಸಿ. ಬೆಕ್ಕಿಗೆ ಅಂತ ಒಣಮೀನು ಎತ್ತಿಡುವ ಪದ್ಧತಿ ನಮ್ಮಲ್ಲಿದೆ. ಅದರಲ್ಲಿ ಉಪ್ಪು ಬಹಳ, ದಿನಾ ಕೊಡುವ ವಸ್ತು ಅಲ್ಲ. ಅಷ್ಟೇ ಅಲ್ಲ, ಒಣಮೀನು ಮನೆಯಲ್ಲಿದ್ದರೆ ನಿಮ್ಮ ಲ್ಯಾಬ್‌ಗೆ ರಾತ್ರಿ ನಿದ್ದೆ ಬರುವುದಿಲ್ಲ.

ಈಗ ವಿಷದ ಕಪಾಟು. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇರುವೆಯಲ್ಲ, "ಉಣ್ಣೆ ಔಷಧಿ ಒಂದು ಮೂಲೆಯಲ್ಲಿ" ಅನ್ನುವ ಮಾತು. ಮನೆಯಲ್ಲಿ ನಾಯಿಯೂ ಇದೆ, ಬೆಕ್ಕೂ ಇದೆ, ಮಗುವೂ ಇದೆ. ನಾಯಿಯ ಬೆನ್ನಿಗೆ ಹಾಕುವ ಕೆಲವು ಉಣ್ಣೆ ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದು ಔಷಧಿ, ಬೆಕ್ಕಿಗೆ ಕೆಲವು ಹನಿಯೂ ಪ್ರಾಣಾಂತಿಕ. ಈ ಹನಿ ಬರುವ ಪುಟ್ಟ ಕೊಳವೆಗಳು, ಅಂದರೆ ಪಿಪೆಟ್ಟುಗಳು, ನೋಡಲು ಒಂದೇ ಥರ, ಹಾಗಾಗಿ ನಾಯಿಯದ್ದು ಬೆಕ್ಕಿಗೆ ಹಾಕುವ ತಪ್ಪು ಸುಲಭವಾಗಿ ಆಗುತ್ತದೆ. ನಾಯಿಯದ್ದನ್ನು ಒಂದು ಡಬ್ಬಿ, ಬೆಕ್ಕಿನದ್ದನ್ನು ಇನ್ನೊಂದು ಡಬ್ಬಿ ಮಾಡಿ. ಬಣ್ಣ ಬೇರೆ ಇರಲಿ, ಆಕಾರವೂ ಬೇರೆ ಇರಲಿ. ಕರೆಂಟ್ ಹೋದಾಗ ಕೈಗೂ ಗೊತ್ತಾಗಬೇಕು. ನಾಯಿಗೆ ಇಂಥ ಹನಿ ಹಾಕಿದ ದಿನ ಅದು ಪೂರ್ತಿ ಒಣಗುವವರೆಗೆ ಬೆಕ್ಕುಗಳನ್ನು ಬೇರೆ ಕೋಣೆಯಲ್ಲಿಡಿ, ಒಟ್ಟಿಗೆ ಮಲಗುವ ಜೋಡಿಯಾದರೆ ಇದು ಇನ್ನೂ ಮುಖ್ಯ.

ಸ್ನಾನದ ನೀರಿಗೆ ಬೆರೆಸುವ ಉಣ್ಣೆ ಔಷಧಿ ಇದಕ್ಕಿಂತ ಖಾರ. ಅಮಿಟ್ರಾಜ್ ಇರಬಹುದು, ಡೆಲ್ಟಾಮೆಥ್ರಿನ್ ಇರಬಹುದು. ಹಸುವಿನ ಉಣ್ಣೆಗೆ ಅಂತ ತಂದದ್ದನ್ನು ನಾಯಿಗೆ ಸ್ವಲ್ಪ ಬೆರೆಸಿ ಹಾಕುವವರು ಹಳ್ಳಿಗಳಲ್ಲಿ ಬಹಳ ಜನ. ಬೆಕ್ಕಿಗೆ ಇವು ಯಾವುವೂ ಬೇಡ. ಇದನ್ನು ಮೂಲ ಬಾಟಲಿಯಲ್ಲೇ ಇಡಿ, ಕೂಲ್‌ಡ್ರಿಂಕ್ ಬಾಟಲಿಗೆ ಎಂದೂ ಹಾಕಬೇಡಿ. ಐದು ವರ್ಷದ ಮಗುವಿರುವ ಮನೆ ಅನ್ನುವುದೊಂದೇ ಕಾರಣ ಸಾಕು. ಬೆರೆಸಿದ್ದು ಉಳಿದರೆ ನಾಳೆಗೆ ಅಂತ ಎತ್ತಿಡಬೇಡಿ, ಅದು ಹಾಳಾಗುತ್ತದೆ. ಪ್ರತಿ ಸಲ ಹೊಸದಾಗಿ ಬೆರೆಸಿ. ಮನೆಯಲ್ಲಿ ಶುಗರ್ ಇರುವವರಿದ್ದರೆ ಅಮಿಟ್ರಾಜ್ ಅವರ ಕೈಗೆ ಕೊಡಬೇಡಿ, ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಇವೆಲ್ಲ ಎಲ್ಲಿರಬೇಕು? ನಿಮ್ಮ ತಲೆಗಿಂತ ಮೇಲಿನ, ಬೀಗ ಇರುವ ಖಾನೆಯಲ್ಲಿ. ನಾಯಿಗೆ ಎತ್ತರ ಸಾಕು, ಬೆಕ್ಕಿಗೆ ಎತ್ತರ ಅಂದರೆ ಆಟದ ಜಾಗ, ಅದಕ್ಕೇ ಬೀಗ. ಉಣ್ಣೆಗೆ ತಿನ್ನಿಸುವ ಮಾತ್ರೆಗಳನ್ನು, ಮೂಳೆನೋವಿನ ಮಾತ್ರೆಗಳನ್ನು ಈಗ ಮಾಂಸದ ರುಚಿಯಲ್ಲಿ ಮಾಡುತ್ತಾರೆ. ನಾಯಿಗೆ ಅದು ಔಷಧಿ ಅಂತ ಗೊತ್ತಿಲ್ಲ, ಸಿಕ್ಕರೆ ಸ್ಟ್ರಿಪ್ಪು ಸಮೇತ ತಿನ್ನುತ್ತದೆ. ಮನುಷ್ಯರ ಔಷಧಿ ಡಬ್ಬಿ ಇದರಿಂದ ಬೇರೆಯೇ ಇರಲಿ. ಜ್ವರಕ್ಕೆ ನಾವು ನುಂಗುವ 500 ಮಿ.ಗ್ರಾಂ ಪ್ಯಾರಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕು ಸಾಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. "ಪಕ್ಕದಲ್ಲೇ ಇತ್ತು, ಕುಂಟುತ್ತಿತ್ತು, ಅರ್ಧ ಹಾಕಿದೆವು" ಅಂತ ಬರುವವರು ಒಳ್ಳೆಯವರೇ, ಔಷಧಿ ಪಕ್ಕದಲ್ಲಿ ಇದ್ದದ್ದೇ ತಪ್ಪು.

ಕಣ್ಣಿನ ಹನಿ ಒಡೆದ ದಿನಾಂಕ ಬರೆಯಿರಿ, ಒಂದು ತಿಂಗಳಾದ ಮೇಲೆ ಎಸೆಯಿರಿ. ಕಿವಿ ಹನಿಯ ಬಾಟಲಿಯೂ ಅದೇ ಗಾತ್ರ ಇರುತ್ತದೆ, ಅದರ ಮೇಲೆ ದೊಡ್ಡದಾಗಿ ಕಿವಿ ಅಂತ ಬರೆಯಿರಿ. ನೀರು ಬೆರೆಸುವ ಆಂಟಿಬಯೋಟಿಕ್ ಸಿರಪ್ ಬೆರೆಸಿದ ಮೇಲೆ ಸಾಮಾನ್ಯವಾಗಿ ಫ್ರಿಜ್ಜಿನಲ್ಲಿಡಬೇಕು, ಏಳರಿಂದ ಹತ್ತು ದಿನ ಅಷ್ಟೇ. ಲೇಬಲ್ ಓದಿ. ಉಳಿದದ್ದು ಮುಂದಿನ ಸಲಕ್ಕಾಗುತ್ತೆ ಅಂತ ಇಡುವವರಿಂದಲೇ ಔಷಧಿ ಡಬ್ಬಿ ಕಸದ ಡಬ್ಬಿಯಾಗುವುದು. ಲಸಿಕೆಯನ್ನು ಮೆಡಿಕಲ್‌ನಿಂದ ತಂದು ಮನೆಯಲ್ಲಿಟ್ಟುಕೊಂಡು ಭಾನುವಾರ ಡಾಕ್ಟರ ಹತ್ತಿರ ಹೋಗೋಣ ಅನ್ನುವ ಯೋಚನೆ ಬೇಡ. ಅದಕ್ಕೆ 2 ರಿಂದ 8 ಡಿಗ್ರಿ ಬೇಕು, ಫ್ರೀಜರಿಗೆ ಹಾಕಬಾರದು, ಬಾಗಿಲ ಖಾನೆಯಲ್ಲಿ ಆ ತಂಪು ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ಕ್ಲಿನಿಕ್ಕಿನಲ್ಲೇ ಹಾಕಿಸಿಕೊಳ್ಳಿ.

ಪ್ರಾಣಿಗಳದ್ದಲ್ಲದ ಮೂರು ಸಾಮಾನುಗಳನ್ನೂ ಇದೇ ಬೀಗದ ಕಡೆಗೆ ಸೇರಿಸುತ್ತೇನೆ. ನುಸಿಗುಳಿಗೆ ಮೊದಲನೆಯದು. ನಾಯಿಯ ಹಾಸಿಗೆ, ಸ್ವೆಟರ್ ಇಟ್ಟ ಕಪಾಟಿಗೆ ಅದನ್ನು ಹಾಕಬೇಡಿ. ನ್ಯಾಫ್ತಲೀನ್ ನಾಯಿಗೂ ಬೆಕ್ಕಿಗೂ ವಿಷ, ಉರುಳುವ ಬಿಳಿ ಗುಂಡು ಕಂಡರೆ ಆಟ ಅಂತಲೇ ಬಾಯಿಗೆ ಹಾಕುತ್ತವೆ. ದೇವರ ಕೋಣೆಯ ಕರ್ಪೂರವೂ ಕೈಗೆಟಕದ ಹಾಗಿರಲಿ. ಬಟ್ಟೆಗಳ ನಡುವೆ ಒಣ ಬೇವಿನ ಸೊಪ್ಪು ಇಡಿ, ಸಾಕು. ಇನ್ನೊಂದು ಫಿನಾಯಿಲ್. ಅತ್ತೆಯವರು ಬೆಕ್ಕಿನ ವಾಸನೆಗೆ ಅಂತ ನೆಲಕ್ಕೆ ಗಟ್ಟಿಯಾಗಿ ಹಾಕುತ್ತಿರಬಹುದು. ಫೀನಾಲ್ ಇರುವ ಯಾವುದನ್ನೂ ಬೆಕ್ಕಿನ ದೇಹ ಸಹಿಸುವುದಿಲ್ಲ. ಸೋಪಿನ ನೀರಲ್ಲಿ ಒರೆಸಿ, ಲಿಟರ್ ತಟ್ಟೆ ದಿನಾ ತೆಗೆದರೆ ವಾಸನೆಯೇ ಇರುವುದಿಲ್ಲ ಅಂತ ಅವರಿಗೆ ನನ್ನ ಹೆಸರು ಹೇಳಿ ಹೇಳಿ, ಸೊಸೆ ಹೇಳಿದ್ದಕ್ಕಿಂತ ಬೇಗ ನಂಬುತ್ತಾರೆ.

ಲಿಟರ್ ವಿಷಯಕ್ಕೆ ಬಂದೆವಲ್ಲ. ಬೆಂಟೊನೈಟ್ ಮಣ್ಣಿನ ಲಿಟರ್ ತೇವ ಹೀರುವುದಕ್ಕೇ ಇರುವುದು, ಹಾಗಾಗಿ ಚೀಲದಲ್ಲಿರುವಾಗಲೇ ಮಳೆಗಾಲದ ಗಾಳಿಯನ್ನು ಹೀರಿ ಗಟ್ಟಿಯಾಗುತ್ತದೆ. ಮರದ ಪೆಲೆಟ್ ಆದರೆ ಉಬ್ಬಿ ಪುಡಿಯಾಗುತ್ತದೆ. ಇದಕ್ಕೆ ಖಾಲಿ ಪೇಂಟ್ ಬಕೆಟ್ ಬಹಳ ಒಳ್ಳೆಯದು, 20 ಲೀಟರಿನದ್ದು, ಮುಚ್ಚಳ ಬಿಗಿ. ಊಟಕ್ಕೆ ಮಾತ್ರ ಆ ಬಕೆಟ್ ಬಳಸಬೇಡಿ. ಇದನ್ನು ಯುಟಿಲಿಟಿಯಲ್ಲೇ ಇಡಬಹುದು. ಅಟ್ಟಕ್ಕೆ ಏರಿಸಬೇಡಿ, ಹತ್ತು ಕೆ.ಜಿ. ಮಣ್ಣು ತಲೆ ಮೇಲೆ ಬಿದ್ದರೆ ನಾನು ಏನೂ ಮಾಡಲಾರೆ, ನಾನು ಪಶುವೈದ್ಯ. ಸೌಟು ಬಕೆಟ್ಟಿನ ಪಕ್ಕದಲ್ಲೇ ಮೊಳೆಗೆ ನೇತಾಡಲಿ, ಕೈಗೆ ಸಿಕ್ಕರೆ ಮಾತ್ರ ದಿನಾ ತೆಗೆಯುತ್ತೀರಿ. ದಿನಾ ತೆಗೆಯುವುದು ಬರೀ ವಾಸನೆಗಲ್ಲ. ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಅನ್ನುವ ಕಣ್ಣಿಗೆ ಕಾಣದ ರೋಗಾಣು ಇದ್ದರೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ತೆಗೆದರೆ ಮುಗಿಯಿತು. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸ ಬೇರೆಯವರು ಮಾಡಲಿ. ಬೆಂಟೊನೈಟನ್ನು ಟಾಯ್ಲೆಟ್ಟಿಗೆ ಸುರಿದು ಫ್ಲಶ್ ಮಾಡಬೇಡಿ. ಪೈಪಿನಲ್ಲಿ ಉಬ್ಬಿ ಕೂರುತ್ತದೆ, ಕೆಳಗಿನ ಮನೆಯವರ ಜೊತೆ ಜಗಳ ಖಂಡಿತ.

ಬೆಲ್ಟು, ಚೈನು, ಮೂತಿಗೆ ಹಾಕುವ ಬುಟ್ಟಿ, ಕಾಲು ಒರೆಸುವ ಟವೆಲ್, ಮಲ ಎತ್ತುವ ಕವರ್ ಇವೆಲ್ಲ ಬಾಗಿಲ ಹತ್ತಿರ. ಗೋಡೆಗೆ ನಾಲ್ಕು ಕೊಕ್ಕೆ ಹೊಡೆಸಿ, ಅಷ್ಟೇ. ಡ್ರಾಯರಿನಲ್ಲಿ ಮಡಚಿಟ್ಟ ಒದ್ದೆ ಬೆಲ್ಟಿಗೆ ಎರಡೇ ದಿನಕ್ಕೆ ಬೂಷ್ಟು ಬರುತ್ತದೆ. ಚರ್ಮದ್ದಾದರೆ ಮಳೆಗಾಲ ಮುಗಿಯುವವರೆಗೆ ಎತ್ತಿಟ್ಟು ನೈಲಾನಿನದ್ದು ಬಳಸಿ. ಎತ್ತಿಡುವಾಗ ಪೂರ್ತಿ ಒಣಗಿಸಿ, ಪೇಪರ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್ ಬೇಡ. ವಾಕಿಂಗ್‌ನಿಂದ ಬಂದ ತಕ್ಷಣ ಬೆರಳುಗಳ ಸಂದಿ ಒರೆಸಲು ಟವೆಲ್ ಅಲ್ಲೇ ಇದ್ದರೆ ಒರೆಸುತ್ತೀರಿ. ಒಳಗೆ ಹುಡುಕಬೇಕಾದರೆ ನಾಯಿ ಅಷ್ಟರಲ್ಲಿ ಸೋಫಾ ಮೇಲಿರುತ್ತದೆ, ಆ ಒದ್ದೆಯಲ್ಲೇ ಬೆರಳ ಸಂದಿಗೆ ಸೋಂಕು ಬರುತ್ತದೆ.

ಆಟಿಕೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕೈದು ಹೊರಗಿರಲಿ, ಉಳಿದವು ಬುಟ್ಟಿಯಲ್ಲಿ, ವಾರಕ್ಕೊಮ್ಮೆ ಬದಲಿಸಿ. ಹಳೆಯದೂ ಹೊಸದಾಗುತ್ತದೆ. ದಾರ ಇರುವ ಬೆಕ್ಕಿನ ಆಟಿಕೆ ಮಾತ್ರ ಆಟ ಮುಗಿದ ಕೂಡಲೇ ಬಾಗಿಲು ಹಾಕಿದ ಕಪಾಟಿಗೆ ಹೋಗಬೇಕು. ಬೆಕ್ಕು ದಾರ ನುಂಗಿದರೆ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು ಕರುಳು ನೆರಿಗೆ ಕಟ್ಟುತ್ತದೆ, ಆಪರೇಷನ್ನೇ ಗತಿ. ಅತ್ತೆಯವರು ಹೂ ಕಟ್ಟುವ ದಾರದ ಉಂಡೆ, ಸೂಜಿ ಡಬ್ಬಿ ಇದಕ್ಕೇ ಸೇರುತ್ತವೆ. ಬಾಯಿಂದ ಅಥವಾ ಹಿಂದಿನಿಂದ ದಾರ ಕಂಡರೆ ಎಳೆಯಬೇಡಿ, ಹಾಗೇ ಕರೆದುಕೊಂಡು ಬನ್ನಿ.

ಇಷ್ಟಾದ ಮೇಲೆ ಏನಾದರೂ ಬಾಕ್ಸ್ ಬೇಕೇ ಅನ್ನಿಸಿದರೆ ತಗೊಳ್ಳಿ, ಬಹುಶಃ ಔಷಧಿಗೆ ಎರಡು ಸಣ್ಣ ಡಬ್ಬಿ ಬಿಟ್ಟರೆ ಏನೂ ಬೇಕಾಗುವುದಿಲ್ಲ.

ಕಾಗದಪತ್ರ ಒಂದು ಉಳಿಯಿತು. ಮೂರೂ ಪ್ರಾಣಿಗಳ ಲಸಿಕೆ ಪುಸ್ತಕಗಳನ್ನು ಜಿಪ್ ಇರುವ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನಿಮ್ಮ ಆಧಾರ್, ಪಾಸ್‌ಬುಕ್ ಇರುವ ಕಡೆಯೇ ಇಡಿ, ನಾಯಿ ಸಾಮಾನಿನ ಜೊತೆ ಬೇಡ. ರೇಬೀಸ್ ಲಸಿಕೆಯ ಪುಟದ ಫೋಟೋ ಮನೆಯಲ್ಲಿ ಇಬ್ಬರ ಫೋನಿನಲ್ಲಾದರೂ ಇರಲಿ. ನಾಯಿ ಯಾರಿಗಾದರೂ ಹಲ್ಲು ತಾಗಿಸಿದರೆ ಮೊದಲು ಕೇಳುವುದು ಅದನ್ನೇ. ಔಷಧಿ ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ, ಯಾರ ತೂಕ ಎಷ್ಟು, ಯಾರಿಗೆ ಎಷ್ಟು ಗ್ರಾಂ ಊಟ, ಜಂತುಹುಳದ ಮಾತ್ರೆ ಯಾವತ್ತು ಕೊಟ್ಟದ್ದು, ಉಣ್ಣೆ ಔಷಧಿ ಯಾವತ್ತು ಹಾಕಿದ್ದು, ಮುಂದಿನದು ಯಾವಾಗ, ಎಲ್ಲ ಅದರಲ್ಲಿರಲಿ. ನೀವು ಮದುವೆಗೋ ಮುಂಜಿಗೋ ಊರಿಗೆ ಹೋದಾಗ ಅತ್ತೆಯವರು ಅಥವಾ ಪಕ್ಕದ ಮನೆಯವರು ನೋಡಿಕೊಳ್ಳುವಾಗ ಫೋನು ಮಾಡಿ ಕೇಳುವ ಕೆಲಸ ತಪ್ಪುತ್ತದೆ. ಹಾಳೆಯ ಮೇಲ್ಭಾಗದಲ್ಲಿ ನಿಮ್ಮ ಡಾಕ್ಟರ ನಂಬರ್ ಬರೆಯಿರಿ, ಅದರ ಕೆಳಗೆ ರಾತ್ರಿ ತೆರೆದಿರುವ ಇನ್ನೊಂದು ಕ್ಲಿನಿಕ್ಕಿನದ್ದೂ ಬರೆಯಿರಿ. ಅತ್ತೆಯವರಿಗೆ ಕನ್ನಡಕ ಇಲ್ಲದೆ ಓದಲು ಆಗುವಷ್ಟು ದೊಡ್ಡದಾಗಿ.